ಬದುಕಿದ್ದೇನೆ ಎಂಬುದಕ್ಕೆ ಪುರಾವೆ

ನವೆಂಬರ್ ತಿಂಗಳು ಬಂತೆಂದರೆ ಕೇಂದ್ರ ಸರ್ಕಾರದ ನಿವೃತ್ತ ನೌಕರರು ತಾವಿನ್ನೂ ಬದುಕಿದ್ದೇವೆಂದು ಸಾಬೀತುಪಡಿಸಬೇಕು. 80 ದಾಟಿದವರಿಗೆ ಅಕ್ಟೋಬರ್ ಒಂದರಿಂದಲೇ ಅವಕಾಶ. ಮೊದಲು ಬ್ಯಾಂಕಿಗೆ ಹೋಗಿ ಕಾಗದದ ಮೇಲೆ ಸಹಿ ಮಾಡಬೇಕಿತ್ತು. 2014ರಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಬೆರಳಚ್ಚು ಸಾಕಾಯಿತು. ಸವೆದ ಬೆರಳುಗಳನ್ನು ಯಂತ್ರ ಗುರುತಿಸದೆ ಪರದಾಡುವವರಿಗಾಗಿ 2021ರಿಂದ ಮುಖ ತೋರಿಸುವ ವ್ಯವಸ್ಥೆಯೂ ಆಗಿದೆ. ಮುಂಬಯಿಯ ನಮ್ಮ ಕಚೇರಿಯಲ್ಲಿ ಆ ದಿನಗಳಲ್ಲಿ ಶಿಬಿರ ಹಾಕುತ್ತೇವೆ. ಹಿರಿಯರೊಬ್ಬರು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಮೊಬೈಲನ್ನು ಅವರ ಮುಖದೆದುರು ಹಿಡಿದು ಕಣ್ಣು ಮಿಟುಕಿಸಲು ಹೇಳುತ್ತೇನೆ. ಮಿಟುಕಿಸಿದರೆ ಒಂದು ವರ್ಷದ ಮಟ್ಟಿಗೆ ಅವರು ಬದುಕಿದ್ದಾರೆ.

ಕಳೆದ ಸಲ ಶಿಬಿರಕ್ಕೆ ಬಂದ ಹಿರಿಯರೊಬ್ಬರು ಕಣ್ಣು ಮಿಟುಕಿಸಿದ ಮೇಲೂ ಏಳಲಿಲ್ಲ. ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ತಾವು ಕೆಲಸಕ್ಕೆ ಸೇರಿದ ದಿನದ ಕಥೆ ಆರಂಭಿಸಿದರು. ಅಂದು ಲಿಫ್ಟು ಕೆಟ್ಟಿತ್ತಂತೆ. ಮುಂದೇನಾಯಿತೋ ನನಗೆ ಗೊತ್ತಿಲ್ಲ. ಹಿಂದೆ 40 ಜನರ ಸಾಲಿತ್ತು. "ಆಯಿತು ಸರ್, ಮುಂದಿನ ವರ್ಷ ಸಿಗೋಣ" ಎಂದೆ. ಅವರು ನಕ್ಕು, ಕೋಲು ಹುಡುಕಿಕೊಂಡು ಎದ್ದು ಹೋದರು. ಈ ಅಕ್ಟೋಬರಿನಲ್ಲಿ ಅವರು ಬರಲಿಲ್ಲ. ಅವರ ಬದಲು ಕುಟುಂಬ ಪಿಂಚಣಿಯ ಅರ್ಜಿ ಬಂತು.

ಈ ಲೇಖನ ಆ ಮುಜುಗರದಿಂದ ಹುಟ್ಟಿದ್ದು. ನನ್ನ ವಾದ ಸರಳವಾದದ್ದು. ನಮ್ಮ ಮನೆಗಳಲ್ಲಿರುವ ಹಿರಿಯರು ತಮ್ಮ ಬದುಕನ್ನು ಹೇಳಬೇಕು, ನಾವು ಕೇಳಬೇಕು, ಕೇಳಿದ್ದನ್ನು ದಾಖಲಿಸಬೇಕು. ಹೊರನಾಡಿನ ಕನ್ನಡಿಗರಾದ ನಮಗೆ ಈ ಕೆಲಸ ಊರಲ್ಲಿರುವವರಿಗಿಂತ ಹೆಚ್ಚು ತುರ್ತಿನದು. ಸರ್ಕಾರ ತನ್ನ ಮಟ್ಟಿಗೆ ವೃದ್ಧಾಪ್ಯವನ್ನು ಗೌರವಿಸುತ್ತದೆ. 80 ತುಂಬಿದರೆ ಮೂಲ ಪಿಂಚಣಿಯ ಶೇಕಡಾ 20ರಷ್ಟು ಹೆಚ್ಚುವರಿ ಕೊಡುತ್ತದೆ. ಆದರೆ ಆ ಎಂಬತ್ತು ವರ್ಷಗಳಲ್ಲಿ ಏನು ನಡೆಯಿತೆಂದು ಕೇಳುವ ಕಲಮು ಯಾವ ನಮೂನೆಯಲ್ಲೂ ಇಲ್ಲ. ಇರಬೇಕೆಂದೂ ನಾನು ಹೇಳುತ್ತಿಲ್ಲ. ಅದು ಮನೆಯವರ ಕೆಲಸ.

ಊರಿನಲ್ಲಿ ನೆನಪಿಗೆ ಬೇರೆ ಆಸರೆಗಳಿರುತ್ತವೆ. ಮನೆ ಹಳೆಯದಾದರೂ ನಿಂತಿರುತ್ತದೆ. ಬಾವಿಕಟ್ಟೆ ಇರುತ್ತದೆ. "ನಿನ್ನಜ್ಜ ಇದೇ ಮರದಿಂದ ಬಿದ್ದದ್ದು" ಎಂದು ತೋರಿಸುವ ನೆರೆಮನೆಯವರಿರುತ್ತಾರೆ. ಒಬ್ಬರು ಹೋದರೂ ಅವರ ಕಥೆ ನಾಲ್ಕು ಬಾಯಿಗಳಲ್ಲಿ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಹಿರಿಯರು ಮೊದಲು ಬಂದಿಳಿದ ಚಾಳು ಉರುಳಿ ಅಲ್ಲಿ ಗೋಪುರದಂಥ ಕಟ್ಟಡ ಎದ್ದಿದೆ. ದುಡಿದ ಹೋಟೆಲು ಬಾರಾಗಿದೆ, ಅಥವಾ ಮೊಬೈಲ್ ಅಂಗಡಿಯಾಗಿದೆ. ಓದಿದ ಕನ್ನಡ ರಾತ್ರಿಶಾಲೆ ಮುಚ್ಚಿದೆ. ಪಕ್ಕದ ಖೋಲಿಯವರು ವಿರಾರಿಗೋ ಪನ್ವೇಲಿಗೋ ಚದುರಿದ್ದಾರೆ. ಮೊಮ್ಮಕ್ಕಳು ಕನ್ನಡವನ್ನು ಅರ್ಥಮಾಡಿಕೊಳ್ಳುತ್ತಾರೆ, ಮಾತಾಡುವುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅವರ ಮಕ್ಕಳು ಅಷ್ಟನ್ನೂ ಅರ್ಥಮಾಡಿಕೊಳ್ಳಲಾರರು. ಹಾಗಾಗಿ ಇಲ್ಲಿ ಒಬ್ಬ ಮುದುಕ ಸತ್ತರೆ ಅವನ ಕಥೆಯ ಏಕೈಕ ಪ್ರತಿ ಹೋಯಿತೆಂದೇ ಲೆಕ್ಕ. ದೆಹಲಿಯ ಕರೋಲ್‌ಬಾಗಿನಲ್ಲಿ, ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿರುವ ಮಿತ್ರರೂ ಇದನ್ನೇ ಬೇರೆ ಬೇರೆ ಹೆಸರುಗಳಲ್ಲಿ ಕಂಡಿರುತ್ತಾರೆ.

ಮುದುಕರು ಹಳೆಯದನ್ನೇ ಮಾತಾಡುತ್ತಾರೆಂಬ ಅಸಹನೆ ಎಲ್ಲ ಕಾಲದ್ದು. ಬಹುಕಾಲ ವೈದ್ಯಲೋಕವೂ ಇದನ್ನು ಅರಳುಮರಳಿನ ಲಕ್ಷಣವೆಂದೇ ಬಗೆದಿತ್ತು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯ ಇದನ್ನು ಅಲ್ಲಗಳೆದು ಪ್ರಬಂಧವೊಂದನ್ನು ಬರೆದ. ಸಾವು ಸಮೀಪಿಸಿದೆಯೆಂಬ ಅರಿವಿನಲ್ಲಿ ಮನುಷ್ಯ ತನ್ನ ಬದುಕನ್ನು ಮತ್ತೆ ತಿರುವಿಹಾಕುವುದು ಸಹಜವಾದ, ಅಗತ್ಯವಾದ ಕ್ರಿಯೆ ಎಂಬುದು ಅವನ ನಿಲುವು. ಬಗೆಹರಿಯದೆ ಉಳಿದ ಸಂಗತಿಗಳು ಆಗ ಮೇಲೆ ಬರುತ್ತವೆ, ಕೆಲವರಿಗೆ ಅವುಗಳ ಜೊತೆ ರಾಜಿ ಸಾಧ್ಯವಾಗುತ್ತದೆ. ಎಲ್ಲರಿಗೂ ಅಲ್ಲ, ಕೆಲವರು ಪಶ್ಚಾತ್ತಾಪದಲ್ಲಿ ಮುಳುಗಬಹುದೆಂದು ಅವನೇ ಎಚ್ಚರಿಸಿದ್ದಾನೆ. ಬಟ್ಲರನನ್ನು ಉಲ್ಲೇಖಿಸುವ ಅನೇಕರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ನಾನು ಬಿಡುವಂತಿಲ್ಲ; ಕಾರಣ ಮುಂದೆ ಹೇಳುತ್ತೇನೆ.

ಆಮೇಲಿನ ದಶಕಗಳಲ್ಲಿ ನೆನಪು ಹೇಳಿಸುವುದೇ ಒಂದು ಚಿಕಿತ್ಸಾಕ್ರಮವಾಗಿ ಬೆಳೆಯಿತು. ಮರೆವಿನ ಕಾಯಿಲೆಯವರ ಮೇಲೆ ಅದರ ಪರಿಣಾಮವನ್ನು ಕುರಿತ ಅಧ್ಯಯನಗಳನ್ನೆಲ್ಲ 2018ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಾಗಿ ಪರಿಶೀಲಿಸಿತು. ಒಳಿತು ಇದೆ, ಆದರೆ ಅಲ್ಪ, ಹೇಗೆ ನಡೆಸುತ್ತಾರೆಂಬುದರ ಮೇಲೆ ಅದು ಏರುಪೇರಾಗುತ್ತದೆ ಎಂಬುದು ಅದರ ಸಾರ. ಆದ್ದರಿಂದ ಅಪ್ಪನಿಗೆ ಕಥೆ ಹೇಳಿಸಿದರೆ ಮರೆವು ವಾಸಿಯಾದೀತೆಂದು ಯಾರೂ ನಂಬಬೇಕಾಗಿಲ್ಲ. ಕೇಳುವವರಿಗಾಗುವ ಪ್ರಯೋಜನವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ 20 ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದ್ದರು. ನಿನ್ನ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಬೆಳೆದದ್ದೆಲ್ಲಿ ಎಂಬಂಥ ಪ್ರಶ್ನೆಗಳು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚಿರುವುದು ಅವರಿಗೆ ಕಂಡಿತು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಫಲವಿಲ್ಲ, ಕಥೆ ಹೇಳುವಷ್ಟು ಹೊತ್ತು ಜೊತೆಯಲ್ಲಿ ಕೂರುವ ಮನೆಯ ರೂಢಿಯೇ ಫಲ ಕೊಡುವುದು ಎಂದೂ ಡ್ಯೂಕ್ ಹೇಳಿದ್ದಾರೆ. ನಮ್ಮ ಒಂದು ಮಲಗುವ ಕೋಣೆಯ ಮನೆಗಳಲ್ಲಿ ಜೊತೆಯಲ್ಲಿ ಕೂರದೆ ಬೇರೆ ಗತಿಯೇ ಇಲ್ಲ. ಆದರೂ ನಾವು ಕೂರುವುದು ನಾಲ್ಕು ಮೊಬೈಲುಗಳ ಮುಂದೆ.

ನನ್ನ ತಂದೆ ಉಡುಪಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ನಾನು ಮಂಗಳಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡುವಾಗ ವರ್ಡ್ಸ್‌ವರ್ತ್ ತನ್ನ ಬಾಲ್ಯವನ್ನು ಹೇಗೆ ಕಂಡನೆಂದು 20 ಪುಟ ಬರೆದು ಒಳ್ಳೆಯ ಅಂಕ ಪಡೆದೆ. ಅಪ್ಪನ ಬಾಲ್ಯದ ಬಗ್ಗೆ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಡೈರಿಯೊಂದು ಸಿಕ್ಕಿತು. ಆಸೆಯಿಂದ ತೆರೆದರೆ ತೆಂಗಿನಕಾಯಿಯ ಲೆಕ್ಕ, ಗೊಬ್ಬರದ ಲೆಕ್ಕ, ಸೊಸೈಟಿಗೆ ಕಟ್ಟಿದ ಬಡ್ಡಿ. ಒಂದೇ ಒಂದು ಪುಟದಲ್ಲಿ "ಇಂದು ಮನಸ್ಸು ಸರಿಯಿಲ್ಲ" ಎಂದಿತ್ತು. ಕೆಳಗೆ ಮತ್ತೆ ಕಾಯಿಯ ಲೆಕ್ಕ. ಯಾಕೆ ಸರಿಯಿರಲಿಲ್ಲವೆಂದು ಕೇಳಲು ಈಗ ಯಾರೂ ಇಲ್ಲ.

ಆ ಡೈರಿಯ ದೆಸೆಯಿಂದಲೇ ಕಳೆದ ವರ್ಷ ನನ್ನ ಸೋದರಮಾವನ ಬೆನ್ನುಹತ್ತಿದೆ. ಮಾವನಿಗೆ ದಾಖಲೆಯ ಪ್ರಕಾರ ಆಗ 84. ಡೊಂಬಿವಲಿಯಲ್ಲಿ ಅತ್ತೆಯ ಜೊತೆ ಇದ್ದಾರೆ. 2003ರಲ್ಲಿ ಕೆಲಸ ಸಿಕ್ಕಿ ಮುಂಬಯಿಗೆ ಬಂದ ನಾನು ಎರಡು ವರ್ಷ ಅವರ ಮನೆಯ ಅನ್ನವನ್ನೇ ಉಂಡವನು. ಅವರೂ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಎಂಬುದರ ಹೊರತಾಗಿ ನನಗೆ ಅವರ ಬಗ್ಗೆ ತಿಳಿದದ್ದು ಅತ್ಯಲ್ಪವೆಂದು ಮೊದಲ ಭಾನುವಾರವೇ ಗೊತ್ತಾಯಿತು. ಊಟವಾದ ಮೇಲೆ ಮೊಬೈಲನ್ನು ಟೀಪಾಯಿಯ ಮೇಲಿಟ್ಟು, "ಮಾವ, ನಿಮ್ಮ ಜೀವನದ ಕಥೆ ಹೇಳಿ" ಎಂದೆ.

"ನನ್ನದೆಂತ ಕಥೆ ಉಂಟು ಮಾರಾಯ? ಬಂದೆ, ದುಡಿದೆ, ರಿಟೈರ್ ಆದೆ."

ಹನ್ನೊಂದು ಸೆಕೆಂಡು. ಆ ಮೊದಲ ಕಡತ ಇನ್ನೂ ನನ್ನಲ್ಲಿದೆ. ತಪ್ಪು ಪ್ರಶ್ನೆಯದು. ಬದುಕನ್ನು ಇಡಿಯಾಗಿ ಕೇಳಿದರೆ ಯಾರೂ ಹೇಳಲಾರರು. ಮುಂದಿನ ವಾರ, ಮುಂಬಯಿಗೆ ಬಂದ ದಿನ ಕೈಯಲ್ಲೇನಿತ್ತೆಂದು ಕೇಳಿದೆ. ಒಂದು ಚೀಲ, ಚೀಲದಲ್ಲಿ ಅವಲಕ್ಕಿ, ಒಂದು ಜೊತೆ ಚಡ್ಡಿ ಅಂಗಿ, ಊರಿನವರೊಬ್ಬರ ವಿಳಾಸವಿದ್ದ ಪೋಸ್ಟ್‌ಕಾರ್ಡು. 1953. ಆಗ ಕೊಂಕಣ ರೈಲ್ವೆಯ ಕನಸೂ ಇರಲಿಲ್ಲ. ಆಗುಂಬೆ ಘಾಟಿ ಹತ್ತಿ, ಶಿವಮೊಗ್ಗ ದಾಟಿ, ಬೀರೂರಿನಲ್ಲಿ ರೈಲು ಹಿಡಿದು ಬಂದದ್ದು. ವಯಸ್ಸು ಹದಿಮೂರು. ಅಲ್ಲಿಂದ ಮಾತು ಒಂದೂವರೆ ಗಂಟೆ ಹರಿಯಿತು.

ಫೋರ್ಟಿನ ಹೋಟೆಲೊಂದರಲ್ಲಿ ಮೊದಲು ಕಪ್ಪುಬಸಿ ತೊಳೆಯುವ ಕೆಲಸ. ಅಲ್ಲಿಂದ ಮೇಜು ಒರೆಸುವುದಕ್ಕೆ, ಆಮೇಲೆ ಸುತ್ತಲಿನ ಕಚೇರಿಗಳಿಗೆ ಚಹಾ ಒಯ್ಯುವುದಕ್ಕೆ ಬಡ್ತಿ. ಚಹಾ ಒಯ್ಯುತ್ತಿದ್ದ ಕಚೇರಿಗಳಲ್ಲಿ ಒಂದರಲ್ಲೇ ಮುಂದೆ ತಾನು ಗುಮಾಸ್ತನಾಗಿ ಕೂರುತ್ತೇನೆಂದು ಆಗ ತಿಳಿದಿರಲಿಲ್ಲ. ಸಂಜೆ ಏಳಕ್ಕೆ ರಾತ್ರಿಶಾಲೆ. ಒಂಬತ್ತೂವರೆಗೆ ಹಿಂತಿರುಗಿ, ಬಾಗಿಲು ಹಾಕಿದ ಹೋಟೆಲಿನ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ನಿದ್ದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಫ್ಲೋರಾ ಫೌಂಟನ್ನಿನ ಬಳಿ ಗೋಲಿಬಾರಾದದ್ದು, ನೂರಕ್ಕೂ ಹೆಚ್ಚು ಮಂದಿ ಆ ಚಳವಳಿಯಲ್ಲಿ ಸತ್ತದ್ದು ನಾನು ಓದಿ ಬಲ್ಲ ಸಂಗತಿ. ಹುತಾತ್ಮ ಚೌಕವನ್ನು ದಿನಾ ದಾಟುತ್ತೇನೆ. ಮಾವನ ನೆನಪಿನಲ್ಲಿ ಅದು ಹಾಲು ಬಾರದ ನಾಲ್ಕು ದಿನ. ಅರ್ಧ ಎಳೆದ ಶಟರಿನ ಒಳಗೆ ಕರಿಚಹಾ ಕುಡಿಯುತ್ತ ಕೂತ ಹುಡುಗರಿಗೆ ಹೊರಗೆ ಯಾರು ಯಾಕೆ ಓಡುತ್ತಿದ್ದಾರೆಂದು ಗೊತ್ತಿರಲಿಲ್ಲವಂತೆ. ಮರಾಠಿ ಇನ್ನೂ ಬರುತ್ತಿರಲಿಲ್ಲ.

ಜನ್ಮದಿನಾಂಕದ ಸಂಗತಿಯಂತೂ ನನ್ನೊಳಗಿನ ಸರ್ಕಾರಿ ನೌಕರನಿಗೆ ಹಬ್ಬದೂಟ. ರಾತ್ರಿಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ 1940ರ ಜೂನ್ 1 ಎಂದು ಬರೆದುಕೊಂಡರು. ಮನೆಯ ಲೆಕ್ಕದಲ್ಲಿ ಮಾವ ಹುಟ್ಟಿದ್ದು ಅದರ ಹಿಂದಿನ ದೀಪಾವಳಿಯಲ್ಲಿ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೆ ನಿವೃತ್ತರಾಗಬೇಕೆಂಬ ನಿಯಮದಂತೆ ಮಾವ 1998ರ ಮೇ 31ಕ್ಕೆ, 58ನೆಯ ವಯಸ್ಸಿನಲ್ಲಿ, ಮನೆಗೆ ಹೋಗಬೇಕಿತ್ತು. ಆ ತಿಂಗಳ ನಡುವಿನಲ್ಲೇ ನಿವೃತ್ತಿಯ ವಯಸ್ಸನ್ನು 60ಕ್ಕೆ ಏರಿಸಿದ ಆದೇಶ ಬಂತು. ನಿಜವಾದ ತಾರೀಖು ಬರೆದಿದ್ದರೆ ಆ ಎರಡು ವರ್ಷ ಸಿಗುತ್ತಿರಲಿಲ್ಲ. "ಆ ಮೇಷ್ಟರ ಹೆಸರಲ್ಲಿ ನಾನು ಪ್ರತಿವರ್ಷ ಒಂದು ಮಗುವಿನ ಫೀಸು ಕಟ್ಟುತ್ತೇನೆ" ಎಂದರು. ಅವರ ಮಗನಿಗೂ ಇದು ತಿಳಿದಿರಲಿಲ್ಲ.

ಹೀಗೆ ಐದು ಭಾನುವಾರಗಳು ಕಳೆದವು. ಮಾವ ಶನಿವಾರವೇ ಫೋನ್ ಮಾಡಿ ಬರುತ್ತೀಯಲ್ಲ ಎಂದು ವಿಚಾರಿಸತೊಡಗಿದರು. ನೆನಪಾದದ್ದನ್ನು ಬಸ್ಸಿನ ಟಿಕೆಟಿನ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದರು. ಒಳಗಿನಿಂದ ಅತ್ತೆ "ಅದು ನಾಗಪಂಚಮಿಗಲ್ಲ, ಅಷ್ಟಮಿಗೆ" ಎಂದು ತಿದ್ದುವುದೂ ಧ್ವನಿಮುದ್ರಣದಲ್ಲಿ ಸೇರಿದೆ.

ಆರನೆಯ ಭಾನುವಾರ ನಾನು ಮಾವನ ತಮ್ಮನ ಬಗ್ಗೆ ಕೇಳಿದೆ. ನನ್ನ ತಾಯಿಗೆ ಇಬ್ಬರು ಅಣ್ಣಂದಿರು. ಚಿಕ್ಕವನು ಮುಂಬಯಿಯಲ್ಲಿ ಜ್ವರ ಬಂದು ತೀರಿಹೋದನೆಂದು ಚಿಕ್ಕಂದಿನಿಂದ ಕೇಳಿದ್ದೆ. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆ ಮಾಡಿಸಿದರೂ ಉಳಿಯಲಿಲ್ಲವೆಂದು ಮಾತು. ಮಾವ ಬಹಳ ಹೊತ್ತು ಸುಮ್ಮನಿದ್ದರು. ಧ್ವನಿಮುದ್ರಣದಲ್ಲಿ ಫ್ಯಾನಿನ ಸದ್ದು ಕೇಳುತ್ತದೆ. ಆಮೇಲೆ ಹೇಳಿದರು. ತಮ್ಮನನ್ನು 1955ರಲ್ಲಿ ತಾನೇ ಕರೆಸಿಕೊಂಡದ್ದು. ಮರುವರ್ಷದ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮಲಗಿದರೆ ಮಾಲೀಕರು ಇಬ್ಬರನ್ನೂ ಊರಿಗೆ ಅಟ್ಟಿಬಿಟ್ಟಾರೆಂಬ ಭಯ. "ಎರಡು ದಿವಸ ತಡಕೊ, ಇಳಿಯುತ್ತದೆ" ಎಂದು ತಮ್ಮನಿಗೆ ಹೇಳಿ ಕೆಲಸಕ್ಕೆ ನಿಲ್ಲಿಸಿದವರು ಇವರೇ. ಎರಡು ದಿನ ಆರಾಯಿತು. ಕೊನೆಗೆ ಅಡಿಗೆಯವರು ನೋಡಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಮಾರನೆಯ ಬೆಳಿಗ್ಗೆ ಹುಡುಗ ಹೋದ. ಹದಿನಾಲ್ಕು ವರ್ಷ. ಹದಿನಾರರ ಅಣ್ಣ ಊರಿಗೆ ಪೋಸ್ಟ್‌ಕಾರ್ಡು ಬರೆದ: ಮೊದಲ ದಿನದಿಂದಲೇ ದೊಡ್ಡ ಡಾಕ್ಟರರು ನೋಡಿದರು, ಏನೂ ಕಡಿಮೆಯಾಗಲಿಲ್ಲ. ಮಾಲೀಕರನ್ನು ಮಾವ ಈಗಲೂ ಬೈಯುವುದಿಲ್ಲ. ಅಂತ್ಯಕ್ರಿಯೆಯ ಖರ್ಚನ್ನೆಲ್ಲ ಅವರೇ ಕೊಟ್ಟರಂತೆ. "ಕೇಳಿದ್ದರೆ ರಜೆಯನ್ನೂ ಕೊಡುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ."

68 ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ.

ಅಂದು ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಮರುದಿನವೂ ಇಲ್ಲ. ರಕ್ತದೊತ್ತಡ ಏರಿತು. ವಾರದ ಕೊನೆಗೆ ಅವರ ಮಗ ಪುಣೆಯಿಂದ ಫೋನ್ ಮಾಡಿ, "ನೀನು ಏನು ಸಾಧಿಸಿದೆ? ಈ ವಯಸ್ಸಿನಲ್ಲಿ ಅವರನ್ನು ಕೆದಕಿ ಏನು ಸಿಕ್ಕಿತು ನಿನಗೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಬಟ್ಲರ್ ಹೇಳಿದ ಎರಡನೆಯ ಭಾಗ ಆಗ ನೆನಪಾಯಿತು. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಹಗುರಾಗುವ ಮುನ್ನ ಭಾರವಾಗುತ್ತದೆ. ಕೆಲವೊಮ್ಮೆ ಭಾರವಾಗಿಯೇ ಉಳಿಯಲೂಬಹುದು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ನಾನು ಮಾಡಿದ ತಪ್ಪೂ ಸ್ಪಷ್ಟ. ಅಷ್ಟನ್ನು ಕೇಳಿಸಿಕೊಂಡು, ಏಳೂವರೆಯ ಲೋಕಲ್ ಸಿಗಬೇಕೆಂದು ಎದ್ದು ಬಂದಿದ್ದೆ. ಅಂಥ ಮಾತನ್ನು ಹೊರತೆಗೆಸಿದವನು ಆ ರಾತ್ರಿ ಅಲ್ಲಿ ಉಳಿಯಬೇಕಿತ್ತು.

ಎರಡು ವಾರ ನಾನು ಹೋಗಲಿಲ್ಲ. ಮೂರನೆಯ ಶನಿವಾರ ಮಾವನೇ ಫೋನ್ ಮಾಡಿದರು. "ಅವ ಹೋದದ್ದು ಸೋಮವಾರ ಎಂದು ಹೇಳಿದ್ದೆ. ಅಲ್ಲ, ಶನಿವಾರ. ಅದೊಂದು ಸರಿ ಮಾಡಬೇಕು, ನಾಳೆ ಬಾ."

ಹೋದೆ. ದಿನವನ್ನು ಸರಿಮಾಡಿದರು. ಆಮೇಲೆ, "ಇದನ್ನು ನಿನ್ನ ಅಮ್ಮನಿಗೆ ಕೇಳಿಸು. ನನಗೆ ಎದುರು ನಿಂತು ಹೇಳಲು ಆಗುವುದಿಲ್ಲ" ಎಂದರು. ಅಣ್ಣ ಸತ್ತಾಗ ಅಮ್ಮನಿಗೆ ಆರು ವರ್ಷ, ಈಗ ಊರಿನಲ್ಲಿದ್ದಾರೆ. ದೀಪಾವಳಿಗೆ ಹೋದಾಗ ಜಗಲಿಯಲ್ಲಿ ಕೂತು ಕೇಳಿಸಿದೆ. ಅಮ್ಮ ಪೂರ್ತಿ ಕೇಳಿದರು. ಅಳಲಿಲ್ಲ. ಕೊನೆಗೆ ಅಂದರು, "ಅಮ್ಮನಿಗೆ ಇದೆಲ್ಲ ಗೊತ್ತಿತ್ತು."

ಪಕ್ಕದ ಹೋಟೆಲಿನಲ್ಲಿದ್ದ ಊರಿನವರೊಬ್ಬರು ಅದೇ ವರ್ಷ ದೀಪಾವಳಿಗೆ ಬಂದಾಗ ನನ್ನಜ್ಜಿಗೆ ನಡೆದದ್ದನ್ನೆಲ್ಲ ಹೇಳಿದ್ದರಂತೆ. ಅಜ್ಜಿ ಅವರ ಕೈಹಿಡಿದು, ತನಗೆ ಗೊತ್ತಾದದ್ದು ದೊಡ್ಡವನಿಗೆ ಯಾವ ಕಾರಣಕ್ಕೂ ತಿಳಿಯಕೂಡದೆಂದು ಮಾತು ತೆಗೆದುಕೊಂಡರು. ಇರುವ ಒಬ್ಬ ಮಗ ನಾಚಿಕೆಯಿಂದ ಊರಿಗೇ ಬಾರದೆ ಹೋದರೆ ಎಂಬ ಹೆದರಿಕೆ ಅವರದು. ಸಾಯುವ ಮುಂಚೆ ಮಗಳಿಗೆ ಮಾತ್ರ ಹೇಳಿದರು. 35 ವರ್ಷ ಮಗ ತಾಯಿಯನ್ನು ನೋಯಿಸಬಾರದೆಂದು ಮುಚ್ಚಿಟ್ಟ ಸುಳ್ಳನ್ನು ತಾಯಿ ಮಗನನ್ನು ನೋಯಿಸಬಾರದೆಂದು ನಂಬಿದಂತೆ ನಟಿಸುತ್ತಿದ್ದರು. ಅಮ್ಮ ಇಷ್ಟನ್ನೂ ನನ್ನ ಮೊಬೈಲಿಗೆ ಹೇಳಿದರು. ಅದನ್ನು ನಾನು ಡೊಂಬಿವಲಿಗೆ ತಂದು ಕೇಳಿಸಿದೆ. ಮಾವ ಎರಡು ಸಲ ಹಾಕಿಸಿಕೊಂಡರು. ಏನೂ ಹೇಳಲಿಲ್ಲ. ಆ ರಾತ್ರಿ ನಾನು ಅಲ್ಲೇ ಉಳಿದೆ. ಅವರು ನಿದ್ದೆ ಮಾಡಿದರು.

ಇದನ್ನು ಇಲ್ಲಿ ಬರೆಯಲು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಹೆಸರು ಬೇಡ, ಉಳಿದದ್ದು ಇರಲಿ ಎಂದರು.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ನಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಒಬ್ಬಳು ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಹೊರಗೆ ಹಾರಿ, ಕಥೆ ಚಪ್ಪಲಿಯಾಗಿ ಬಾಗಿಲಲ್ಲಿ ಬಿತ್ತು, ಹಾಡು ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡನಿಗೆ ಅನುಮಾನ, ಜಗಳ. ಅವನು ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು. ಅವನು ಮನೆಗೆ ಓಡಿ ಆ ಕಥೆ, ಹಾಡುಗಳ ಬಗ್ಗೆ ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿದ್ದವು. ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆಂಬ ಭಾಗವನ್ನೇ ವಿಮರ್ಶಕರು ಎತ್ತಿ ಆಡುತ್ತಾರೆ. ನನ್ನನ್ನು ಕಾಡುವುದು ಕೊನೆಯ ಮರೆವು. ಗಂಡ ಕೇಳಿದ, ನಿಜವಾದ ಕುತೂಹಲದಿಂದಲೇ ಕೇಳಿದ, ಆದರೆ ತಡವಾಗಿ.

ನಮ್ಮ ಸಂಘಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ನಗರದ ಮೂಲೆಮೂಲೆಗಳಲ್ಲಿ ಜಾತಿಯ ಸಂಘ, ಊರಿನ ಸಂಘ, ಕನ್ನಡ ಸಂಘಗಳಿವೆ. ಹಿರಿಯರನ್ನು ನಾವು ಗೌರವಿಸುವುದಿಲ್ಲವೆಂದು ಯಾರೂ ಹೇಳಲಾರರು. ಶಾಲು ಹೊದೆಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಎರಡು ಮಾತನಾಡಿ ಎಂದು ಮೈಕು ಕೊಟ್ಟು, ಮೂರನೆಯ ಮಾತಿಗೆ ಚೀಟಿ ಕಳಿಸುತ್ತೇವೆ. ಸ್ಮರಣ ಸಂಚಿಕೆ ತರುತ್ತೇವೆ. ಅದರಲ್ಲಿ ಅರ್ಧ ಜಾಹೀರಾತು, ಉಳಿದರ್ಧ ಸಂದೇಶ. ಸನ್ಮಾನವೂ ಹೋಟೆಲು ಕಟ್ಟಿದವರಿಗೆ. ಕಪ್ಪುಬಸಿ ತೊಳೆದು ಅಲ್ಲಿಗೇ ನಿಂತವರಿಗಲ್ಲ. ಮುಂಬಯಿ ಕನ್ನಡಕ್ಕೆ ಯಶವಂತ ಚಿತ್ತಾಲರನ್ನು, ವ್ಯಾಸರಾಯ ಬಲ್ಲಾಳರನ್ನು, ಜಯಂತ ಕಾಯ್ಕಿಣಿಯವರನ್ನು ಕೊಟ್ಟಿದೆಯೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ದೊಡ್ಡ ಕಥೆಗಾರರಿದ್ದಾರೆಂಬ ಕಾರಣಕ್ಕೆ ಸಾಮಾನ್ಯರ ಸಾಕ್ಷ್ಯ ಬೇಡವಾಗುವುದಿಲ್ಲ. ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ದಿವಾನರ ಜೊತೆಗೆ ಊರಿನ ವೈದಿಕರು, ಸಂಗೀತಗಾರರು, ಹೆಸರಿಲ್ಲದ ಹಳಬರೂ ಬರುತ್ತಾರೆ. ಅವರು ಬರೆಯದಿದ್ದರೆ ಆ ಕೆಲವರು ಇದ್ದರೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಇದೇ ನಗರದಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು, ಆಮೇಲೆ ಗಿರಣಿಗಳೇ ಇಲ್ಲವಾದವು. ನೀರಾ ಆಡಾರ್ಕರ್ ಮತ್ತು ಮೀನಾ ಮೆನನ್ ಗಿರಣಗಾಂವಿನ ಮನೆಮನೆಗಳಲ್ಲಿ ಕೂತು ಕೇಳಿದ ಮಾತುಗಳು 2004ರಲ್ಲಿ ಪುಸ್ತಕವಾಗಿ ಬಂದವು. ಇಂದು ಲೋವರ್ ಪರೇಲಿನ ಮಾಲುಗಳ ನಡುವೆ ನಿಂತು ಆ ಬದುಕನ್ನು ಊಹಿಸಬೇಕಾದರೆ ಆ ದನಿಗಳೇ ಆಧಾರ. ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ದನಿಗಳನ್ನು ಹಾಗೆ ಕೂಡಿಡಲು ಸಂಘವೊಂದಕ್ಕೆ ಬೇಕಾದದ್ದೇನು? ಒಂದು ಸನ್ಮಾನದ ಖರ್ಚು, ಕೇಳುವ ವ್ಯವಧಾನವಿರುವ ನಾಲ್ಕು ಮಂದಿ. ನನ್ನ ಕಣ್ಣಂದಾಜಿನಲ್ಲಿ ನಮಗಿನ್ನು ಹತ್ತು ವರ್ಷವೂ ಇಲ್ಲ. ಐವತ್ತರ ದಶಕದಲ್ಲಿ ಬಂದವರೆಲ್ಲ ಈಗ ಎಂಬತ್ತು ದಾಟಿದ್ದಾರೆ.

ಮಾಡುವವರಿಗೆ ನನ್ನ ಅಲ್ಪಾನುಭವದಿಂದ ಒಂದೆರಡು ಸೂಚನೆ ಕೊಡಬಹುದು. ವಸ್ತುವಿನಿಂದ ಶುರುಮಾಡಿ: ಟ್ರಂಕು, ಮೊದಲ ಸಂಬಳ, ಖೋಲಿಯ ಬಾಡಿಗೆ, ಮೋರಿಯ ಮೂಲೆಯಲ್ಲಿಟ್ಟ ನೀರಿನ ಪೀಪಾಯಿ. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನದು ಎಲ್ಲಕ್ಕಿಂತ ಗಾಢವಾಗಿ ನೆನಪಿರುತ್ತದೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ, ಅಲ್ಲೇ ಹೆಚ್ಚು ಹೊತ್ತು ನಿಲ್ಲಿ. ಸುಳ್ಳು ಹೇಳುತ್ತಿದ್ದಾರೆಂದು ಅನಿಸಿದರೆ ತಡೆಯಬೇಡಿ. ಮಾವನ ಪೋಸ್ಟ್‌ಕಾರ್ಡಿನ ಸುಳ್ಳಿಗಿಂತ ನಿಜವಾದ ದಾಖಲೆ ನಮ್ಮ ಮನೆಯಲ್ಲಿಲ್ಲ. ಬರೆದಿಳಿಸುವಾಗ ಅವರ ಕನ್ನಡವನ್ನು ಪುಸ್ತಕದ ಕನ್ನಡವಾಗಿ ತಿದ್ದಬೇಡಿ. ಈ ಪಾಪವನ್ನು ನಾನು ಎರಡು ಅಧ್ಯಾಯ ಮಾಡಿ, ಓದಿ ಹೇಳಿದಾಗ ಮಾವ "ಇದು ಯಾರ ಕಥೆ?" ಎಂದು ಕೇಳಿದ ಮೇಲೆ ನಿಲ್ಲಿಸಿದೆ. ಯಾರಿಗೆ ಕೇಳಿಸಬಹುದು, ಯಾರಿಗೆ ಬಾರದು ಎಂಬುದನ್ನು ಹೇಳಿದವರೇ ನಿರ್ಧರಿಸಲಿ. ಎರಡು ಕಡೆ ಪ್ರತಿ ಇಡಿ. ಕೊನೆಯ ಲೋಕಲ್ಲಿನ ಚಿಂತೆಯಿರುವ ದಿನ ಹೋಗಲೇಬೇಡಿ.

ಹೆಂಗಸರ ಮಾತು ಬಂದಾಗ ಕೆಲಸ ಇನ್ನೂ ಕಷ್ಟ. ಗಂಡಸರು ಬಂದೆ, ದುಡಿದೆ ಎಂದಾದರೂ ಹೇಳುತ್ತಾರೆ. ಅತ್ತೆಯನ್ನು ಕೇಳಿದರೆ ಎಲ್ಲವೂ ಮಾವನ ಕಥೆಯೇ: ಅವರಿಗೆ ಟೈಫಾಯಿಡ್ ಆದದ್ದು, ಅವರಿಗೆ ಬಡ್ತಿ ಸಿಕ್ಕಿದ್ದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಹಿಡಿದವರು, ರೇಷನ್ನಿನ ಸೀಮೆಎಣ್ಣೆಗೆ ಸಾಲು ನಿಂತವರು, ಬಾರದ ಮರಾಠಿಯನ್ನು ತರಕಾರಿಯವಳಿಂದ ಕಲಿತವರು, ಇಪ್ಪತ್ತು ವರ್ಷ ನೆರೆಹೊರೆಯ ರವಿಕೆಗಳನ್ನು ಹೊಲಿದು ಈ ಮನೆಯ ಮೊದಲ ಕಂತು ಕಟ್ಟಿದವರು ಅವರು. ಇದು ನನಗೆ ತಿಳಿದದ್ದು ಅವರಿಂದಲ್ಲ, ಮಾವನ ನಾಲ್ಕನೆಯ ಭಾನುವಾರದಿಂದ. ಮೂರು ತಿಂಗಳು ಕೇಳಿಕೊಂಡ ಮೇಲೆ ಕಳೆದ ವಾರ ಅತ್ತೆ ಒಪ್ಪಿದ್ದಾರೆ. ಷರತ್ತು ಒಂದೇ: ಆ ಹೊತ್ತಿಗೆ ಮಾವ ಮನೆಯಲ್ಲಿರಕೂಡದು. ಮಾವನನ್ನು ಮೂರು ಗಂಟೆ ಎಲ್ಲಿ ಕೂರಿಸುವುದೆಂಬುದೇ ಈಗ ಸಮಸ್ಯೆ. ಸ್ಟೇಷನ್ನಿನ ಹತ್ತಿರದ ವಾಚನಾಲಯಕ್ಕೆ ಹೋಗುತ್ತೇನೆಂದು ಅವರು ಹೇಳಿದ್ದಾರೆ. ಹೋಗುವ ಮುನ್ನ ಬಾಗಿಲಲ್ಲಿ ನಿಂತು ನನ್ನನ್ನು ಮೆಲ್ಲನೆ ಕೇಳಿದರು, "ಆಮೇಲೆ ನನಗೆ ಕೇಳಿಸುತ್ತೀಯಲ್ಲ?"

ಅತ್ತೆ ಒಳಗಿನಿಂದಲೇ ಹೇಳಿದರು, "ನಾನು ಹೇಳಿದರೆ ಮಾತ್ರ."